ಬೆಟ್ಟದ ಪಂಚಾಂಗ

ಶುಕ್ರವಾರ ಸಂಜೆ. ಪಲ್ಲಾವರಂನ ಹಳೇ ಟ್ರಂಕ್ ರಸ್ತೆಯ ಸಂತೆಯಲ್ಲಿ ಇನ್ನೂ ಕಾಲಿಡಲು ಜಾಗವಿಲ್ಲ. ಬನ್ನಿ, ನನ್ನ ಹಿಂದೆಯೇ ಬನ್ನಿ. ಎಡಕ್ಕೆ ಗುಲಾಬಿ ಸಸಿಗಳು, ಬಲಕ್ಕೆ ಬಿಚ್ಚಿಟ್ಟ ಫ್ಯಾನು, ಮಿಕ್ಸಿ, ಹಳೆಯ ಮೊಬೈಲು, ಅದರಾಚೆ ಪಂಜರದೊಳಗೆ ಪಾರಿವಾಳ. ಆಡಿ ತಿಂಗಳು, ಯಾವುದೋ ಬೀದಿಯ ಅಮ್ಮನ ಗುಡಿಯಿಂದ ಮೈಕಿನ ಹಾಡು ತೇಲಿ ಬರುತ್ತಿದೆ. ಹಾಡಿನ ನಡುವೆ ವಿಮಾನವೊಂದು ತಲೆಯ ಮೇಲೆ ಗುಡುಗುತ್ತ ಮೀನಂಬಾಕ್ಕಂ ಕಡೆಗೆ ಇಳಿಯುತ್ತದೆ. ಈ ಊರಿನವರು ಯಾರೂ ತಲೆ ಎತ್ತುವುದಿಲ್ಲ. ಮಾತು ನಿಲ್ಲಿಸಿ, ಸದ್ದು ದಾಟಿದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತಾರೆ.

ಮಗ ಕೆಂಪು ರೇನ್‌ಕೋಟೊಂದನ್ನು ಹಿಡಿದು ನಿಂತಿದ್ದಾನೆ. ಅದನ್ನು ಕೆಳಗಿಡಿಸಿ ಮಣ್ಣಿನ ಬಣ್ಣದ್ದು ಹುಡುಕಿಸಬೇಕು. ಕಾಡಿಗೆ ಹೋಗುವವರು ದೂರದಿಂದಲೇ ಕಣ್ಣಿಗೆ ಹೊಡೆಯುವಂತಿರಬಾರದು. ಮಗಳು ಆಗಲೇ ನೀಲಿ ಟಾರ್ಪಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ. ಅವಳ ಕೈಯಲ್ಲಿ ಹಳೆಯ ಬೈನಾಕ್ಯುಲರ್. ಕಪ್ಪು ರಬ್ಬರು ಒಂದು ಕಡೆ ಸವೆದು ಲೋಹ ಹೊಳೆಯುತ್ತಿದೆ. ಫೋಕಸ್ ಚಕ್ರ ಬಿಗಿ, ಆದರೆ ತಿರುಗುತ್ತದೆ. ಬೆಳಕಿಗೆ ಹಿಡಿದು ಇಣುಕಿ ನೋಡಿ: ಎಡಗಡೆಯ ಗಾಜಿನ ಅಂಚಿನಲ್ಲಿ ಬೂಷ್ಟಿನ ಎರಡು ಎಳೆ, ಬಲಗಡೆಯದು ತಿಳಿ. ಮೈಮೇಲೆ 8×40 ಎಂದು ಕೊರೆದಿದೆ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 40 ಮಿಲಿಮೀಟರ್. ಪಕ್ಕದಲ್ಲೇ 12×25 ಎಂಬ ಹೊಸದೊಂದು ಇದೆ. ಹೆಚ್ಚು ಹತ್ತಿರ ತೋರಿಸುವುದೇ ಮೇಲು ಅಂತ ಮಗ ವಾದಿಸುತ್ತಾನೆ. ಅಲ್ಲ. ಪಟ್ಟು ಹೆಚ್ಚಿದಷ್ಟೂ ಕೈನಡುಕವೂ ಹೆಚ್ಚಿ ಕಾಣುತ್ತದೆ, ಗಾಜು ಕಿರಿದಾದಷ್ಟೂ ಮುಂಜಾವದ ಮಬ್ಬಿನಲ್ಲಿ ಚಿತ್ರ ಕಪ್ಪಿಡುತ್ತದೆ. ಕಾಡಿನಲ್ಲಿ ನೋಡಬೇಕಾದ್ದೆಲ್ಲ ಮಬ್ಬಿನಲ್ಲೇ ಸಿಗುವುದು.

ಮಗಳು ಇಳಿಯುತ್ತಿರುವ ವಿಮಾನಕ್ಕೆ ಗುರಿಯಿಟ್ಟು ಚಕ್ರ ತಿರುಗಿಸಿದಳು. "ರೆಕ್ಕೆಯ ಕೆಳಗಿನ ಅಕ್ಷರ ಓದೋಕಾಗ್ತಿದೆ ಅಪ್ಪಾ!"

"ಎವ್ವಳವುಣ್ಣೇ?"

"ಆಯಿರತ್ತಿ ಇರುನೂರು."

"ಎಣ್ಣೂರು."

ಸಾವಿರಕ್ಕೆ ಮುಗಿಯಿತು. ಬೂಷ್ಟಿದ್ದರೂ ಇರಲಿ.

ಮನೆಗೆ ಹೋಗುವ ದಾರಿಯಲ್ಲಿ ಗುಡ್ಡದ ಬುಡದಲ್ಲಿ ಒಂದು ನಿಮಿಷ ನಿಲ್ಲೋಣ. ಜಲ್ಲಿಗಾಗಿ ಕಡಿದು ಕಡಿದು ಬಿಟ್ಟ ಬಂಡೆ ಇದು. ಒಡೆದ ಮುಖ ಮುಟ್ಟಿ ನೋಡಿ: ನೀಲಿ ಬೆರೆತ ಬೂದು ಬಣ್ಣ, ಎಣ್ಣೆ ಸವರಿದಂಥ ಮಿರುಗು. ಇದರ ಹೆಸರು ಚಾರ್ನೊಕೈಟ್. ಕಲ್ಕತ್ತೆಯಲ್ಲಿರುವ ಜಾಬ್ ಚಾರ್ನಾಕ್‌ನ ಗೋರಿಕಲ್ಲು ಇದೇ ಮದರಾಸಿನ ಸೀಮೆಯಿಂದ ಹೋದದ್ದು, ಭೂವಿಜ್ಞಾನಿ ಟಿ. ಎಚ್. ಹಾಲೆಂಡ್ ಆ ಹೆಸರನ್ನೇ ಈ ಶಿಲೆಗೆ ಇಟ್ಟ. ನಾವು ಹೋಗಲಿರುವ ನೀಲಗಿರಿಯೂ ಇದೇ ಜಾತಿಯ ಕಲ್ಲು, ನಮ್ಮ ಬಿಳಿಗಿರಿರಂಗನ ಬೆಟ್ಟವೂ ಇದೇ. ಸುಮಾರು 250 ಕೋಟಿ ವರ್ಷದಷ್ಟು ಹಳೆಯದು. ಇಲ್ಲಿ ಸವೆದು ಗುಡ್ಡವಾಗಿ ಉಳಿದದ್ದು ಅಲ್ಲಿ 2,637 ಮೀಟರ್ ಎತ್ತರದ ದೊಡ್ಡಬೆಟ್ಟವಾಗಿ ನಿಂತಿದೆ. ಪಲ್ಲಾವರಂನ ಮಕ್ಕಳಿಗೆ ಬೆಟ್ಟ ಹೊಸದೇನಲ್ಲ ಎಂದು ನನಗೆ ಹೇಳಬೇಕೆನಿಸುತ್ತದೆ. ರಾಬರ್ಟ್ ಬ್ರೂಸ್ ಫೂಟ್ 1863ರ ಮೇ 30ರಂದು ಇಲ್ಲಿಯ ಪರೇಡ್ ಮೈದಾನದ ಗರಸಿನಲ್ಲಿ ಹಳೆಶಿಲಾಯುಗದ ಕಲ್ಲಾಯುಧವನ್ನು ಗುರುತಿಸಿದ. ಈ ನೆಲದಲ್ಲಿ ಮನುಷ್ಯ ಕಲ್ಲು ಕೆತ್ತಿಕೊಂಡು ಪ್ರಾಣಿಗಳ ನಡುವೆಯೇ ಬದುಕಿದ್ದ ಎಂಬುದಕ್ಕೆ ಅದು ಸಾಕ್ಷಿ. ಮಗ ಒಂದು ಚೂರನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ, ದೊಡ್ಡಬೆಟ್ಟದ ಕಲ್ಲಿನ ಪಕ್ಕ ಇಟ್ಟು ನೋಡಬೇಕಂತೆ.

ಚಪ್ಪಲಿ ಬಿಟ್ಟು ಒಳಗೆ ಬನ್ನಿ. ಹಾಲಿನ ನೆಲದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ಹಾಸಿದೆ, ಮಗಳು ಅದರ ಬೆನ್ನ ಮೇಲೆ ನಕ್ಷೆ ಬರೆದಿದ್ದಾಳೆ. ಬಲಗಡೆ ಚೆನ್ನೈ, ಎಡಗಡೆ ಮೂರು ರಾಜ್ಯ ಕೂಡುವ ಜಾಗ: ಬಂಡೀಪುರ, ಮುದುಮಲೈ, ವಯನಾಡು. ದೇಶದ ಮೊದಲ ಜೀವಗೋಲ ಮೀಸಲು ಪ್ರದೇಶವಾಗಿ 1986ರಲ್ಲಿ ಘೋಷಣೆಯಾದ ನೀಲಗಿರಿಯ ಹರವು ಅದು. ನನ್ನ ಅಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಾಳೆ. ಹುಟ್ಟೂರು ಗುಂಡ್ಲುಪೇಟೆ ಕಡೆಯದು. ಮದುವೆಯಾಗಿ ಇಲ್ಲಿಗೆ ಬಂದು ತಮಿಳು ಸೊಗಸಾಗಿ ಕಲಿತಳು. ಮನೆಯೊಳಗೆ ಮಾತ್ರ ಆ ಊರಿನ ಕನ್ನಡವೇ.

ಪಟ್ಟಿ ಉದ್ದವಾಗಿದೆ. ಊಟಿ, ಕೊಡೈಕೆನಾಲ್, ಮುನ್ನಾರ್, ಎರವಿಕುಲಂ, ಮುದುಮಲೈ, ಬಂಡೀಪುರ, ಕುದುರೆಮುಖ. ಒಂದು ವಾರದ ರಜೆಯಲ್ಲಿ ಇಷ್ಟನ್ನು ತುರುಕಿದರೆ ನೋಡುವುದು ಕಾಡನ್ನಲ್ಲ, ಕಾರಿನ ಮುಂದಿನ ಸೀಟಿನ ಬೆನ್ನನ್ನು. ನನ್ನ ಹೆಂಡತಿ ಪೆನ್ಸಿಲ್ ತೆಗೆದುಕೊಂಡು ಹೊಡೆಯುತ್ತ ಬರುತ್ತಾಳೆ. ಕುದುರೆಮುಖ ದೂರ. ಕೊಡೈಕೆನಾಲ್ ಬೇರೆ ದಿಕ್ಕು. ಎರವಿಕುಲಂಗೆ ಬಂದಾಗ ಮಗಳು ಅವಳ ಕೈ ಹಿಡಿದಳು.

"ಅಮ್ಮಾ, ನೀಲಕುರಿಂಜಿ ಅಲ್ಲೇ ಅರಳೋದು."

"ಈ ವರ್ಷ ಇಲ್ಲವಲ್ಲ ಕಂದಾ. 2018ರಲ್ಲಿ ಅರಳಿತ್ತು, ಹನ್ನೆರಡು ವರ್ಷಕ್ಕೊಮ್ಮೆ. 2030ಕ್ಕೆ ಹೋಗೋಣ."

ಅಳಿಸಲಿಲ್ಲ. ಹೆಸರಿನ ಮುಂದೆ 2030 ಎಂದು ಬರೆದುಕೊಂಡಳು. ಆ ಉದ್ಯಾನ ಪ್ರತಿವರ್ಷ ಫೆಬ್ರವರಿ, ಮಾರ್ಚ್ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತದೆ. ನೀಲಗಿರಿ ತಾರ್‌ಗಳು ಮರಿ ಹಾಕುವ ಕಾಲ ಅದು, ಆಗ ಜನ ಹತ್ತಿರ ಸುಳಿಯಬಾರದು. ಹೀಗೆ ಪ್ರತಿಯೊಂದು ಕಾಡಿಗೂ ಅದರದೇ ಪಂಚಾಂಗವಿದೆ. ನಮ್ಮ ರಜೆಯನ್ನು ಅದಕ್ಕೆ ಹೊಂದಿಸಬೇಕೇ ಹೊರತು ಅದನ್ನು ನಮ್ಮ ರಜೆಗಲ್ಲ. ಯೋಜನೆ ಎಂದರೆ ಇಷ್ಟೇ ಎಂಬುದು ನನ್ನ ನಂಬಿಕೆ.

ಹಾಗಾದರೆ ಯಾವಾಗ? ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಂಡೀಪುರ, ಮುದುಮಲೈ ಒಣಗಿ ಗರಿಗರಿಯಾಗಿರುತ್ತವೆ, ಕಾಡ್ಗಿಚ್ಚಿನ ಭಯ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದು ನೆನಪಿದೆಯಲ್ಲ. ಮೇ ತಿಂಗಳಲ್ಲಿ ಊಟಿಯಲ್ಲಿ ಇಡೀ ತಮಿಳುನಾಡೇ ಇರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ಮಾರುತ ಗೂಡಲೂರಿನ ಕಡೆಯ ಇಳಿಜಾರನ್ನು ತೋಯಿಸುತ್ತದೆ. ಅಕ್ಟೋಬರ್ ನಡುವಿನಿಂದ ಈಶಾನ್ಯ ಮಾರುತ ಬಂದು ಪೂರ್ವದ ಇಳಿಜಾರಿಗೆ ಬಡಿಯುತ್ತದೆ. ಬೆಟ್ಟದ ರೈಲಿನ ಹಳಿ ಕಲ್ಲಾರಿನಿಂದ ಕೂನೂರಿಗೆ ಏರುವುದು ಅದೇ ಇಳಿಜಾರಿನಲ್ಲಿ. ಮಣ್ಣು ಕುಸಿದು, ಮರ ಉರುಳಿ ರೈಲು ರದ್ದಾಗುವುದು ಹೆಚ್ಚಾಗಿ ಆ ದಿನಗಳಲ್ಲೇ. ಎರಡು ಮಳೆಗಳ ನಡುವಿನ ಸಂದು ಸೆಪ್ಟೆಂಬರ್ ಕೊನೆ. ಇಲ್ಲಿಯ ಶಾಲೆಗಳಿಗೆ ಕಾಲುವರ್ಷದ ಪರೀಕ್ಷೆ ಮುಗಿದು ರಜೆ ಕೊಡುವುದೂ ಆಗಲೇ. ಹೆಂಡತಿ ಆ ವಾರಕ್ಕೆ ಸುತ್ತು ಹಾಕಿದಳು.

"ಹುಲಿ ಗ್ಯಾರಂಟಿ ಕಾಣುತ್ತಾ?" ಮಗನಿಗೆ ಬೇಕಾದದ್ದು ಅದೊಂದೇ.

ಅಮ್ಮ ಕಾಲು ಮಡಚಿಕೊಂಡಳು. "ಹೊಲಕ್ಕ ಹೋಗೋರು ದೇವ್ರೇ ಹುಲಿ ಕಾಣ್ದೆ ಇರ್ಲಿ ಅಂತ ಕೈ ಮುಗೀತಾರ. ನಿಂಗ ಕಾಣ್ಲೇಬೇಕಾ ಮಗ?"

2025ರ ನವೆಂಬರಿನಲ್ಲಿ ಸರಗೂರು ಸೀಮೆಯಲ್ಲಿ ಹುಲಿಯ ದಾಳಿಗೆ ರೈತರು ಸತ್ತಾಗ ಕರ್ನಾಟಕ ಸರ್ಕಾರ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಿತ್ತು. ಆ ಸುದ್ದಿ ಬಂದ ವಾರವೆಲ್ಲ ಅಮ್ಮ ಊರಿಗೆ ಫೋನ್ ಹಚ್ಚುತ್ತಲೇ ಇದ್ದಳು. ಕಾಡಿನಂಚಿನವರ ಪಾಲಿಗೆ ಅದು ಟಿಕೆಟ್ ಕೊಂಡು ನೋಡುವ ಪ್ರಾಣಿಯಲ್ಲ. ಹಾಗಾಗಿ ನಮ್ಮ ಯೋಜನೆ ಸಫಾರಿಯ ಮೇಲೆ ನಿಂತಿರಬಾರದು ಎಂದು ತೀರ್ಮಾನಿಸಿದೆವು. ಹೊರಡುವ ಮೊದಲು ವಿಚಾರಿಸುವುದು, ಇದ್ದರೆ ಒಂದೇ ಒಂದು, ಅದೂ ಇಲಾಖೆಯ ಬಸ್ಸಿನಲ್ಲಿ. ಇಲ್ಲದಿದ್ದರೂ ಪ್ರವಾಸಕ್ಕೆ ಕೊರತೆಯಾಗಬಾರದು.

ಈಗ ಹಾದಿ ತಾನಾಗಿ ಮೂಡುತ್ತಿದೆ. ಮಗಳ ಪೆನ್ಸಿಲಿನ ಜೊತೆ ನೀವೂ ಸಾಗಿ. ಪಲ್ಲಾವರಂ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿ ಪಾರ್ಕ್‌ನಲ್ಲಿ ಇಳಿದು, ಸುರಂಗದಾರಿ ದಾಟಿದರೆ ಸೆಂಟ್ರಲ್. ರಾತ್ರಿ ಒಂಬತ್ತರ ಸುಮಾರಿಗೆ ನೀಲಗಿರಿ ಎಕ್ಸ್‌ಪ್ರೆಸ್. ಕಣ್ಣು ಬಿಟ್ಟಾಗ ಮೇಟ್ಟುಪಾಳಯಂ. ಎದುರಿನ ಪ್ಲಾಟ್‌ಫಾರಂನಲ್ಲಿ ಪುಟ್ಟ ನೀಲಿ ಬೋಗಿಗಳು, ಹಿಂದಿನಿಂದ ತಳ್ಳಲು ಉಗಿ ಎಂಜಿನ್. ಏಳು ಗಂಟೆ ಹತ್ತು ನಿಮಿಷಕ್ಕೆ ಹೊರಡುತ್ತದೆ. ಕಲ್ಲಾರ್ ದಾಟುತ್ತಲೇ ಹಳಿಗಳ ನಡುವಿನ ಹಲ್ಲುಪಟ್ಟಿಗೆ ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಳ್ಳುತ್ತದೆ, ಹನ್ನೆರಡು ಅಡಿ ಸಾಗಿದರೆ ಒಂದಡಿ ಏರು. 46 ಕಿಲೋಮೀಟರಿಗೆ ಹೆಚ್ಚುಕಡಿಮೆ ಐದು ಗಂಟೆ! ಕೂನೂರಿಗೆ 1899ರಲ್ಲಿ, ಊಟಿಗೆ 1908ರಲ್ಲಿ ತಲುಪಿದ ಹಳಿ. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಕಾರಿನಲ್ಲಿ ಬೇಗ ಹೋಗಬಹುದು ನಿಜ. ಆದರೆ ಅಡಿಕೆ ತೋಟ ಮುಗಿದು ಕಾಡು ಶುರುವಾಗುವುದು, ಕಾಡು ಮುಗಿದು ಟೀ ತೋಟ ತೆರೆಯುವುದು, ಕಿಟಕಿಯ ಗಾಳಿ ತಣ್ಣಗಾಗುತ್ತ ಬರುವುದು ಮಕ್ಕಳ ಮೈಗೆ ಗೊತ್ತಾಗಬೇಕಾದರೆ ನಿಧಾನವಾಗಿಯೇ ಏರಬೇಕು.

ರೈಲು ಹಿಡಿದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೂ ಕೊಡೈಕೆನಾಲಿಗೂ ಹೊರಗಿನಿಂದ ಬರುವ ವಾಹನಗಳಿಗೆ ಇ-ಪಾಸ್ ಬೇಕು. ಆ ಬೆಟ್ಟಕ್ಕೆ ಇನ್ನೊಂದು ಕಾರಿನ ಭಾರ ನಮ್ಮಿಂದ ಬೇಡ. ಅಲ್ಲಿ ತಿರುಗಾಡಲು ಸ್ಥಳೀಯ ಟ್ಯಾಕ್ಸಿ, ಅಲ್ಲಿಂದ ಮುಂದಕ್ಕೆ ಮೈಸೂರಿನ ಸರ್ಕಾರಿ ಬಸ್ಸು.

ಆ ಬಸ್ಸು ಗೂಡಲೂರಿನ ಮೇಲೆ ಇಳಿದು ಮುದುಮಲೈಯ ತೆಪ್ಪಕಾಡಿಗೆ ಬರುತ್ತದೆ. ಎರಡು ರಾತ್ರಿ ಅಲ್ಲೇ. ಮಸಿನಗುಡಿ ಸುತ್ತ ಈಜುಕೊಳದ ರೆಸಾರ್ಟುಗಳ ಚಿತ್ರಗಳನ್ನು ಮಗ ಫೋನಿನಲ್ಲಿ ತೋರಿಸುತ್ತಾನೆ. ಬೇಡ. ಸೀಗೂರು ಪ್ರಸ್ಥಭೂಮಿ ಆನೆಗಳು ಪಶ್ಚಿಮಘಟ್ಟದಿಂದ ಪೂರ್ವಘಟ್ಟಕ್ಕೆ ದಾಟುವ ಹಾದಿ. ಆ ಹಾದಿಯ ರಕ್ಷಣೆಯನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. ನಮಗೆ ಅರಣ್ಯ ಇಲಾಖೆಯ ವಸತಿಗೃಹ ಸಾಕು, ಮೋಯಾರ್ ಹೊಳೆಯ ಸದ್ದೊಂದಿದ್ದರೆ ಸಾಕು. ಆನೆ ಶಿಬಿರದಲ್ಲಿ ರಾಗಿ, ಹುರುಳಿ, ಬೆಲ್ಲ ಸೇರಿಸಿ ಮುದ್ದೆ ಕಟ್ಟಿ ಆನೆಗಳಿಗೆ ಕೊಡುವ ಹೊತ್ತು ನೋಡಬಹುದು. ರಾಗಿ ಎಂದದ್ದೇ ಅಮ್ಮನ ಮುಖ ಅರಳಿತು.

"ಒಂದು ದಿನ ಏನೂ ಬರೀಬೇಡ," ಹೆಂಡತಿ ಮಗಳಿಗೆ ಹೇಳುತ್ತಾಳೆ. "ಖಾಲಿ ಬಿಡು. ಹೊಳೆ ಹತ್ತಿರ ಸುಮ್ಮನೆ ಕೂರೋಣ."

ಇಡೀ ಪಟ್ಟಿಯಲ್ಲಿ ನನಗೆ ಬಹಳ ಹಿಡಿಸಿದ ದಿನ ಅದು.

ಟಿಕೆಟ್ ಕೊಳ್ಳುವ ಬೆಳಗ್ಗೆ ಬನ್ನಿ, ಎಂಟಕ್ಕೆ ಮೊದಲೇ. 2024ರ ನವೆಂಬರಿನಿಂದ ರೈಲಿನ ಮುಂಗಡ ಬುಕಿಂಗ್ 60 ದಿನಕ್ಕೆ ಇಳಿದಿದೆ. ಎಂಟು ಗಂಟೆಗೆ ಸರಿಯಾಗಿ ತೆರೆಯುತ್ತದೆ. ಒಂದು ಫೋನಿನಲ್ಲಿ ನಾನು, ಇನ್ನೊಂದರಲ್ಲಿ ಮಗಳು. ಹಿರಿಯರ ಕೋಟಾದಲ್ಲಿ ಒಂದು ಟಿಕೆಟ್ಟಿಗೆ ಇಬ್ಬರಿಗಿಂತ ಹೆಚ್ಚು ಸೇರಿಸಲಾಗದು, ಅದಕ್ಕೆ ಅಮ್ಮನದು ಬೇರೆಯಾಗಿ. ಕುಕ್ಕರ್ ಕೂಗುತ್ತಿದೆ, ಪರದೆಯ ಮೇಲೆ ಚಕ್ರ ತಿರುಗುತ್ತಿದೆ. "ಅಜ್ಜಿಗೆ ಲೋಯರ್ ಬಂತು!" ಬೆಟ್ಟದ ರೈಲಿನ ಸೀಟುಗಳು ಅದಕ್ಕಿಂತ ಬೇಗ ಮುಗಿಯುತ್ತವೆ, ನಮಗೆ ಸಿಕ್ಕವು, ಇಬ್ಬರು ಮೂವರಾಗಿ ಬೇರೆ ಬೇರೆ ಕಡೆ. ವಾಪಸ್ಸಿಗೆ ಮೈಸೂರಿನಿಂದ ಕಾವೇರಿ ಎಕ್ಸ್‌ಪ್ರೆಸ್.

ಇನ್ನುಳಿದದ್ದು ಅಡುಗೆಮನೆಯ ಕೆಲಸ. ನೀಲಗಿರಿಯಲ್ಲಿ ಐದು ಲೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧ. ಅಟ್ಟದಿಂದ ಸ್ಟೀಲ್ ಬಾಟಲಿಗಳು ಇಳಿದವು, ಕೊಬ್ಬರಿ ಮಿಠಾಯಿಗೆ, ಚಕ್ಕುಲಿಗೆ ಹಳೆಯ ಎವರ್‌ಸಿಲ್ವರ್ ಡಬ್ಬಿಗಳು.

ಅಮ್ಮ ಊರಿನಲ್ಲಿರುವ ತಂಗಿಗೆ ಫೋನ್ ಹಚ್ಚಿದ್ದಾಳೆ. ಸ್ಪೀಕರ್ ಹಾಕಿದ್ದಾಳೆ, ನೀವೂ ಕೇಳಿ.

"ಐದು ಜನ ಬತ್ತೀವಿ ಕನವ್ವ. ಗೋಪಾಲಸ್ವಾಮಿ ಬೆಟ್ಟಕ್ಕ ಒಂದು ಹರಕೆ ಅದ, ಅದ್ನೂ ತೀರಿಸ್ಬೇಕು."

"ರಾತ್ರಿ ಊಟಕ್ಕ ಬತ್ತೀರಾ ಅಕ್ಕ?"

"ರಾತ್ರಿ ಎಲ್ಲಿ ಬರಕಾದದು? ಒಂಬತ್ತಕ್ಕ ಗೇಟ್ ಹಾಕ್ತಾರ, ಬೆಳಿಗ್ಗ ಆರರ ತಂಕ ತೆಗೆಯಲ್ಲ." 2009ರಿಂದ ಬಂಡೀಪುರದ ರಸ್ತೆಗೆ ಇರುವ ರಾತ್ರಿ ನಿಷೇಧದ ಮಾತು ಅದು.

"ಹಾಕ್ಲಿ ಬುಡು. ಗಾಡಿಗೆ ಸಿಕ್ಕಿ ಎಷ್ಟು ಜಿಂಕೆ ಸಾಯ್ತಿದ್ದೊ."

"ಹೂ ಕನಾ. ತೆಪ್ಪಕಾಡಿಂದ ಬೆಳಿಗ್ಗ ಬಸ್ಸು ಹತ್ತಿ, ಕೆಕ್ಕನಹಳ್ಳ ದಾಟ್ಕಂಡು ಮಧ್ಯಾನ್ನದ ಊಟಕ್ಕ ನಿನ್ನ ಮನೇಲಿ ಇರ್ತೀವಿ. ಅವರೆಕಾಳು ಸಿಕ್ರೆ ಸಾರು ಮಾಡು. ಈ ಹೈಕಳಿಗೆ ಅದರ ರುಚಿ ಗೊತ್ತಿಲ್ಲ."