ಲೆಕ್ಕದ ಪುಸ್ತಕದಲ್ಲಿಲ್ಲದ ಹೆಸರು

ನಮ್ಮ ಹೊಳಲ್ಕೆರೆ ಸೀಮೆಯಲ್ಲಿ ಜೀತವೆಂದರೆ ಗಂಡಾಳಿನ ಮಾತು. ಮದುವೆಗೋ ಕಾಯಿಲೆಗೋ ಎತ್ತಿದ ಸಾಲಕ್ಕೆ ಅವನು ವರ್ಷಗಟ್ಟಲೆ ದುಡಿಯುತ್ತಿದ್ದ. ಕೊಟ್ಟ ಕಂಬಳಿ, ಕೆರ, ರಾಗಿ ಎಲ್ಲವೂ ಧಣಿಯ ಪುಸ್ತಕ ಸೇರುತ್ತಿದ್ದವು. ಅವನ ಹೆಂಡತಿ ನಸುಕಿನಲ್ಲೇ ಬಂದು ಕೊಟ್ಟಿಗೆ ಬಾಚಿ, ಬೆರಣಿ ತಟ್ಟಿ, ಶೇಂಗಾ ಸುಲಿದು ಹೋಗುತ್ತಿದ್ದಳು. ಅವಳ ಹೆಸರು ಆ ಪುಸ್ತಕದಲ್ಲಿ ಇರುತ್ತಿರಲಿಲ್ಲ. 1976ರ ಕಾಯಿದೆ ಜೀತವನ್ನು ನಿಷೇಧಿಸಿತು, ಸಾಲವನ್ನೂ ವಜಾ ಮಾಡಿತು. ಆದರೆ ಲೆಕ್ಕದಲ್ಲೇ ಇಲ್ಲದವಳು ಯಾವ ಸಾಲದಿಂದ ಬಿಡುಗಡೆಯಾದಳೆಂದು ಹೇಳುವುದು?

ಹ್ಯಾರಿಯೆಟ್ ಜೇಕಬ್ಸ್‌ಳ ಆತ್ಮಕಥೆಯನ್ನು ಓದುವಾಗ ನನ್ನನ್ನು ಕಾಡಿದ್ದು ಈ ಪ್ರಶ್ನೆಯೇ. ಅಮೆರಿಕದ ಈ ಗುಲಾಮ ಹೆಂಗಸು ಒಡೆಯನ ಕಾಟ ತಾಳಲಾರದೆ ಅಜ್ಜಿಯ ಮನೆಯ ಅಟ್ಟದ ಇರುಕಿನಲ್ಲಿ ಸುಮಾರು ಏಳು ವರ್ಷ ಅಡಗಿದ್ದಳು. ಎದ್ದು ನಿಲ್ಲಲೂ ಅಲ್ಲಿ ಜಾಗವಿರಲಿಲ್ಲ. ಆಮೇಲೆ ಉತ್ತರಕ್ಕೆ ತಪ್ಪಿಸಿಕೊಂಡು ಹೋಗಿ, ಒಬ್ಬ ಲೇಖಕನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತ, ರಾತ್ರಿ ಹೊತ್ತು ಕದ್ದುಮುಚ್ಚಿ ತನ್ನ ಕಥೆ ಬರೆದಳು. ಬಿಳಿಯ ಲೇಖಕಿ ಲಿಡಿಯಾ ಮರಿಯಾ ಚೈಲ್ಡ್ ಅದನ್ನು ತಿದ್ದಿಕೊಟ್ಟಳು. 1861ರಲ್ಲಿ ಪುಸ್ತಕ ಬಂದಾಗ ಜೇಕಬ್ಸ್ ತನಗೆ ಇಟ್ಟುಕೊಂಡಿದ್ದು ಲಿಂಡಾ ಬ್ರೆಂಟ್ ಎಂಬ ಕಲ್ಪಿತ ಹೆಸರು. ಅಷ್ಟಕ್ಕೇ ಬಹುಕಾಲ ಇದು ಚೈಲ್ಡ್ ಕಟ್ಟಿದ ಕಾದಂಬರಿಯೆಂದು ಪಂಡಿತರು ತಳ್ಳಿಹಾಕಿದ್ದರು. ಜೇಕಬ್ಸ್‌ಳ ಪತ್ರಗಳನ್ನು ಹುಡುಕಿ ಜೀನ್ ಫೇಗನ್ ಯೆಲಿನ್ ಎಂಬ ವಿದ್ವಾಂಸೆ ಸತ್ಯವನ್ನು ಸಾಬೀತು ಮಾಡುವ ಹೊತ್ತಿಗೆ 1980ರ ದಶಕ ಬಂದಿತ್ತು. ಬರೆದರೂ ಬರೆದವಳೆನ್ನಿಸಿಕೊಳ್ಳಲು ನೂರಿಪ್ಪತ್ತು ವರ್ಷ ಬೇಕಾಯಿತು!

ನಮ್ಮಲ್ಲಿ ದುಡಿಯುವ ಹೆಂಗಸರ ದನಿ ಹೊಸದೇನಲ್ಲ. ಹನ್ನೆರಡನೆಯ ಶತಮಾನದಲ್ಲೇ ಕೊಟ್ಟಣದ ಸೋಮಮ್ಮ, ಕದಿರೆ ರೆಮ್ಮವ್ವೆ ತಮ್ಮ ಕಾಯಕವನ್ನೇ ಹೆಸರಿಗೆ ಕಟ್ಟಿಕೊಂಡು ವಚನ ಹೇಳಿದರು. ನಮ್ಮ ಕಾಲದಲ್ಲಿ ಲಂಬಾಣಿ ತಾಂಡಾದಿಂದ ಬಂದ ಬಿ.ಟಿ. ಲಲಿತಾ ನಾಯಕ್ ಬರೆದರು. ‘ಬದುಕು’ ಕಾದಂಬರಿಗೆ ಗೀತಾ ನಾಗಭೂಷಣ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಮ್ಮದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಪದಗಳ ಕಣಜವಾಗಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು.

ಹಾಗಿದ್ದರೂ ಜೀತದ ಮನೆಯ ಹೆಂಗಸು ಸ್ವತಃ ಹೇಳಿದ ಕಥೆ ನನ್ನ ಕೈಗೆ ಸಿಕ್ಕಿಲ್ಲ. ಆಗ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ ಮುದುಕಿಯರು. ಹೊಸದುರ್ಗ, ಹಿರಿಯೂರಿನ ಕಡೆಯ ಹಳ್ಳಿಗಳ ಜಗಲಿಯ ಮೇಲೆ ಎಲೆಅಡಿಕೆ ಕುಟ್ಟುತ್ತ ಕುಳಿತಿದ್ದಾರು. ಕಾಲೇಜು ಓದುವ ಮೊಮ್ಮಕ್ಕಳು ಅವರ ಮಗ್ಗುಲಲ್ಲಿ ಕುಳಿತು ಕೇಳಬೇಕು. ಅವರ ಮಾತನ್ನು ಗ್ರಂಥದ ಭಾಷೆಗೆ ಇಳಿಸದೆ ಹೇಳಿದ ಹಾಗೇ ಬರೆದುಕೊಳ್ಳಬೇಕು. ಅಜ್ಜಿ ಒಪ್ಪಿದರೆ, ಪುಸ್ತಕದ ಮೇಲೆ ಅಜ್ಜಿಯ ಹೆಸರನ್ನೇ ಹಾಕಬೇಕು. ಬರೆದುಕೊಂಡವರ ಹೆಸರು ಒಳಪುಟದಲ್ಲಿ ಸಣ್ಣದಾಗಿ ಇದ್ದರೆ ಸಾಕು.