ಬತ್ತಿದ ಕಣ್ಣೀರಿನ ಲೆಕ್ಕ

ಕನ್ನಡದ ಮಾತಿನಲ್ಲಿ ಕಣ್ಣೀರಿಗೆ ಬರವಿಲ್ಲ. ಕಷ್ಟಕ್ಕೆ ಸಿಕ್ಕವರು ಕಣ್ಣೀರಲ್ಲಿ ಕೈತೊಳೆಯುತ್ತಾರೆ. ದುಃಖ ಹೆಚ್ಚಾದರೆ ಕಣ್ಣೀರು ಕೋಡಿ ಹರಿಯುತ್ತದೆ. ಮನಸ್ಸಿಲ್ಲದೆ ಅತ್ತರೆ ಅದು ಮೊಸಳೆ ಕಣ್ಣೀರು. ಅರೆಬರೆ ಪರಿಹಾರ ಕೊಟ್ಟರೆ ಅದು ಕಣ್ಣೊರೆಸುವ ತಂತ್ರ. ಇವೆಲ್ಲ ಅಳುವಾಗಿನ ಮಾತಾಯಿತು. ಅಳದೆ ಇರುವಾಗಲೂ, ಓದುವಾಗ, ಉಣ್ಣುವಾಗ, ಬಸ್ಸಿಗೆ ಕಾಯುವಾಗ, ಕಣ್ಣಿನ ಮೇಲೆ ಸದ್ದಿಲ್ಲದೆ ಹರಡಿಕೊಂಡಿರುವ ತೆಳು ನೀರಿನ ಪೊರೆಯೊಂದಿದೆ. ಅದನ್ನು ಯಾರೂ ನೆನೆಯುವುದಿಲ್ಲ. ಅದರ ಬೆಲೆ ಗೊತ್ತಿರುವುದು ಅದು ಬತ್ತಿದವರಿಗೆ ಮಾತ್ರ.

ಚಿತ್ರದುರ್ಗ ಜಿಲ್ಲೆಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರಿಗೆ ಅದು ತಿಳಿಯತೊಡಗಿದ್ದು ನಲವತ್ತು ದಾಟಿದ ಮೇಲೆ. ಮೊದಮೊದಲು ಸಂಜೆಯ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತಿತ್ತು. ಸೀಮೆಸುಣ್ಣದ ಪುಡಿ ಇರಬೇಕು ಎಂದುಕೊಂಡರು. ಆಮೇಲೆ ಬೆಳಿಗ್ಗೆ ಎದ್ದಾಗ ರೆಪ್ಪೆಗಳು ಕಣ್ಣಿಗೇ ಅಂಟಿಕೊಂಡು, ಬಿಡಿಸಿದರೆ ಉರಿ. ಮನೆಯವರು, ನೆರೆಯವರು ಎಲ್ಲರೂ ಕೊಟ್ಟ ತೀರ್ಪು ಒಂದೇ: ‘ಮೈಯಲ್ಲಿ ಉಷ್ಣ ಜಾಸ್ತಿಯಾಗಿದೆ.’ ನೆತ್ತಿಗೆ ಹರಳೆಣ್ಣೆ ಬಿತ್ತು. ಎಳನೀರು, ಮೆಂತ್ಯದ ನೀರು, ರಾಗಿ ಅಂಬಲಿ ಎಲ್ಲವೂ ಆದವು. ಉರಿ ಮಾತ್ರ ಹಾಗೇ ಇತ್ತು. ಅದರ ಜೊತೆಗೆ ಬಾಯಿಯೂ ಒಣಗತೊಡಗಿತು. ರೊಟ್ಟಿಯ ಒಂದೊಂದು ತುತ್ತಿಗೂ ಒಂದೊಂದು ಗುಟುಕು ನೀರು ಬೇಕಾಯಿತು. ಅಡುಗೆಮನೆಗೆ ಬಂದ ಪಕ್ಕದ ಮನೆಯಾಕೆ, ‘ಏನ್ರೀ ಟೀಚರಮ್ಮ, ಇಷ್ಟೊಂದು ಈರುಳ್ಳಿ ಹೆಚ್ಚಿದರೂ ನಿಮಗೆ ಕಣ್ಣಲ್ಲಿ ನೀರೇ ಬರೋಲ್ವಲ್ಲ!’ ಎಂದು ಮೆಚ್ಚಿಕೊಂಡದ್ದೂ ಆಯಿತು.

ಆ ಮೆಚ್ಚುಗೆ ಬೇರೆ ರೂಪ ತಾಳಿದ್ದು ಅವರ ತಾಯಿ ತೀರಿಕೊಂಡಾಗ. ಅಂಗಳದ ತುಂಬ ಹೆಂಗಸರು ಗೋಳಾಡುತ್ತಿದ್ದರು. ಮಗಳಾದ ಈಕೆ ತಾಯಿಯ ಕಾಲ ಬಳಿ ಕೂತಿದ್ದರು. ಗಂಟಲು ಕಟ್ಟಿತ್ತು, ಎದೆ ನಡುಗುತ್ತಿತ್ತು, ಕಣ್ಣು ಕೆಂಡವಾಗಿತ್ತು. ಕೆನ್ನೆ ಮಾತ್ರ ಒಣಗಿತ್ತು. ಹಿಂದೆ ಕೂತಿದ್ದ ದೊಡ್ಡಮ್ಮ, ‘ಹೆತ್ತವಳು ಹೋದರೂ ಒಂದು ಹನಿ ಇಲ್ಲವಲ್ಲ, ಎಂಥಾ ಕಲ್ಲು ಮನಸ್ಸೇ ಇವಳದು’ ಎಂದದ್ದು ಈಕೆಗೂ ಕೇಳಿಸಿತು, ಪಿಯುಸಿ ಓದುತ್ತಿದ್ದ ಇವರ ಮಗಳಿಗೂ ಕೇಳಿಸಿತು. ಹುಡುಗಿಗೆ ಆ ಮಾತಿಗಿಂತ ಹೆಚ್ಚು ನೋವು ಕೊಟ್ಟದ್ದು ಇನ್ನೊಂದು: ಆ ಗಳಿಗೆಯಲ್ಲಿ ಅದೇ ಅನುಮಾನ ಅವಳ ಮನಸ್ಸಿನಲ್ಲೂ ಸುಳಿದಿತ್ತು.

ಎರಡು ತಿಂಗಳ ನಂತರ ಜಿಲ್ಲಾ ಕೇಂದ್ರದ ಕಣ್ಣಿನ ವೈದ್ಯರು ಕಾಗದದ ಸಣ್ಣ ಪಟ್ಟಿಯೊಂದನ್ನು ಕೆಳರೆಪ್ಪೆಗೆ ಸಿಕ್ಕಿಸಿ, ಕಣ್ಣು ಮುಚ್ಚಿಕೊಂಡು 5 ನಿಮಿಷ ಕೂರಲು ಹೇಳಿದರು. ಜರ್ಮನಿಯ ವೈದ್ಯ ಓಟೊ ಶಿರ್ಮರ್ 1903ರಲ್ಲಿ ಬಳಕೆಗೆ ತಂದ ಪರೀಕ್ಷೆ ಇದು. ಕಣ್ಣೀರು ಆ ಕಾಗದವನ್ನು ಎಷ್ಟು ದೂರ ನೆನೆಸಿತು ಎಂದು ಅಳೆಯುವುದಷ್ಟೇ ಇದರ ಉಪಾಯ. 5 ನಿಮಿಷದಲ್ಲಿ 5 ಮಿಲಿಮೀಟರಿಗಿಂತ ಹೆಚ್ಚು ನೆನೆಯದಿದ್ದರೆ ಕಣ್ಣೀರಿನ ಕೊರತೆ ಇದೆ ಎಂದು ಲೆಕ್ಕ. ಟೀಚರಮ್ಮನ ಪಟ್ಟಿ ನೆನೆದದ್ದು 2 ಮಿಲಿಮೀಟರು. ‘ನೀವು ಅಳೋದಿಲ್ಲ ಅಂತಲ್ಲಮ್ಮ, ನಿಮಗೆ ಅಳೋಕೆ ನೀರೇ ಇಲ್ಲ’ ಎಂದರು ವೈದ್ಯರು. ಪಕ್ಕದಲ್ಲಿ ನಿಂತಿದ್ದ ಮಗಳು ತಿರುಗಿ ಕಿಟಕಿಯ ಕಡೆ ನೋಡಿದಳು. ಅವಳ ಕಣ್ಣಲ್ಲಿ ನೀರಿಗೆ ಕೊರತೆ ಇರಲಿಲ್ಲ.

ಬೆರಳುಗಳ ಕೀಲು ನೋವು, ಬಾಯಿ ಒಣಗುವಿಕೆ ಎಲ್ಲವನ್ನೂ ಕೇಳಿ ತಿಳಿದ ವೈದ್ಯರು ಅವರನ್ನು ಕೀಲುವಾತ ತಜ್ಞರ ಬಳಿಗೆ ಕಳಿಸಿದರು. ಮೊದಲು ರಕ್ತಪರೀಕ್ಷೆ. ಆಮೇಲೆ ಕೆಳತುಟಿಯ ಒಳಗಿನಿಂದ ಸಾಸಿವೆಯಷ್ಟು ಜೊಲ್ಲುಗ್ರಂಥಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾಯಿತು. ಕಾಯಿಲೆಗೆ ಹೆಸರು ಸಿಕ್ಕಿತು: ಶೋಗ್ರೆನ್ಸ್ ಸಿಂಡ್ರೋಮ್. ಹೊರಗಿನ ರೋಗಾಣುಗಳಿಂದ ದೇಹವನ್ನು ಕಾಯಬೇಕಾದ ನಿರೋಧಕ ಶಕ್ತಿ ತನ್ನದೇ ಕಣ್ಣೀರಿನ ಗ್ರಂಥಿ, ಜೊಲ್ಲಿನ ಗ್ರಂಥಿಗಳ ಮೇಲೆ ಬೀಳುವ ರೋಗ ಇದು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಹೆಂಗಸರು. ಬಹುಪಾಲು ಜನರಲ್ಲಿ ಇದು ಕಾಣಿಸಿಕೊಳ್ಳುವುದು ನಡುವಯಸ್ಸಿನಲ್ಲಿ. ಹಾಗೆಂದು ಚಿಕ್ಕವರಿಗೆ ಬರುವುದೇ ಇಲ್ಲ ಎಂದೇನಿಲ್ಲ. ಇದು ಅಂಟುರೋಗವಲ್ಲ. ‘ಉಷ್ಣ’ವೂ ಅಲ್ಲ.

ಹೆಸರಿನ ಹಿಂದಿನ ಕತೆಯನ್ನು ಹುಡುಕಿ ಓದಿದವಳು ಮಗಳೇ. ಪರೀಕ್ಷೆಯ ಅಂಕಕ್ಕೆ ಹೆದರುವ ಎಲ್ಲ ಮಕ್ಕಳೂ ಕೇಳಬೇಕಾದ ಕತೆ ಅದು. ಹೆನ್ರಿಕ್ ಶೋಗ್ರೆನ್ 1899ರಲ್ಲಿ ಹುಟ್ಟಿದ ಸ್ವೀಡನ್ ದೇಶದ ಕಣ್ಣಿನ ವೈದ್ಯ. ಕಣ್ಣು ಒಣಗಿದ 19 ಮಂದಿ ಹೆಂಗಸರನ್ನು ಪರೀಕ್ಷಿಸಿ, ಅವರಲ್ಲಿ 13 ಮಂದಿಗೆ ಕೀಲುವಾತವೂ ಇರುವುದನ್ನು ಗಮನಿಸಿ, ಇದು ಕಣ್ಣಿನದಷ್ಟೇ ರೋಗವಲ್ಲ, ಇಡೀ ದೇಹದ್ದು ಎಂದು 1933ರಲ್ಲಿ ಪ್ರಬಂಧ ಬರೆದರು. ಪ್ರಬಂಧಕ್ಕೆ ಬಂದ ದರ್ಜೆ ವಿಶ್ವವಿದ್ಯಾಲಯದ ಉಪಾಧ್ಯಾಯ ಹುದ್ದೆಗೆ ಸಾಲಲಿಲ್ಲ. ಅವರು ಯೋನ್‌ಶೋಪಿಂಗ್ ಎಂಬ ಊರಿನ ಆಸ್ಪತ್ರೆಗೆ ಹೋಗಿ ಕಣ್ಣು ನೋಡುತ್ತ ಕೂತರು. ಹತ್ತು ವರ್ಷದ ಮೇಲೆ, 1943ರಲ್ಲಿ, ಆಸ್ಟ್ರೇಲಿಯಾದ ವೈದ್ಯರೊಬ್ಬರು ಅದೇ ಪ್ರಬಂಧವನ್ನು ಇಂಗ್ಲಿಷಿಗೆ ತಂದರು. ಜಗತ್ತು ಓದಿತು. ಕಡಿಮೆ ದರ್ಜೆಯ ಆ ಪ್ರಬಂಧದಿಂದಾಗಿಯೇ ಇಂದು ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಅವರ ಹೆಸರು ಉಳಿದಿದೆ.

ಈ ರೋಗ ಬೇರುಸಮೇತ ಹೋಗುವಂಥದ್ದಲ್ಲ. ಅದರೊಡನೆ ಬಾಳುವುದನ್ನು ಕಲಿಯಬೇಕು. ಟೀಚರಮ್ಮನ ಮನೆ ಕಲಿತದ್ದು ಹೀಗೆ. ಕೃತಕ ಕಣ್ಣೀರಿನ ಹನಿಯನ್ನು ಉರಿ ಶುರುವಾದ ಮೇಲಲ್ಲ, ಅದಕ್ಕೆ ಮೊದಲೇ ಹಾಕಬೇಕು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕುವವರಿಗೆ, ಕೆಡದಂತೆ ಬೆರೆಸುವ ರಾಸಾಯನಿಕ ಇಲ್ಲದ ಹನಿಯೇ ಮೇಲು. ಆ ರಾಸಾಯನಿಕ ಸೊರಗಿದ ಕಣ್ಣನ್ನು ಇನ್ನಷ್ಟು ಕೆರಳಿಸಬಹುದು. ಸೀಸೆಯ ತುದಿ ರೆಪ್ಪೆಗೆ ತಾಕಬಾರದು. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡಬೇಕು. ರಾತ್ರಿಗೆ ಗಟ್ಟಿಯಾದ ಜೆಲ್ಲು ಅಥವಾ ಮುಲಾಮು. ಫ್ಯಾನಿನ ಗಾಳಿ ಮುಖಕ್ಕೆ ಬಡಿಯದಂತೆ ಮಂಚವನ್ನು ಸರಿಸಿದರು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು. ಬಿಸಿಲಿಗೆ ಅಂಚು ಮುಚ್ಚಿದ ಕನ್ನಡಕ ಬಂತು.

ಇಷ್ಟರಲ್ಲಿ ತಣಿಯದವರಿಗೆ ಬೇರೆ ದಾರಿಗಳೂ ಇವೆ. ಕಣ್ಣಿನ ಮೂಲೆಯಲ್ಲಿ ಕಣ್ಣೀರು ಮೂಗಿಗೆ ಇಳಿಯುವ ಸಣ್ಣ ತೂತುಗಳಿವೆ. ಅದಕ್ಕೆ ಬಿರಡೆ ಹಾಕಿ, ಇರುವಷ್ಟು ನೀರನ್ನು ಕಣ್ಣಿನಲ್ಲೇ ನಿಲ್ಲಿಸಬಹುದು. ಬಯಲುಸೀಮೆಯವರಿಗೆ ಕೆರೆಯ ತೂಬು ಮುಚ್ಚುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಉರಿಯೂತ ತಗ್ಗಿಸುವ ಸೈಕ್ಲೋಸ್ಪೊರಿನ್ ಹನಿ ಇದೆ; ಅದರ ಗುಣ ಕಾಣಲು ಕೆಲವು ವಾರ, ತಿಂಗಳುಗಳೇ ಬೇಕು. ರೋಗಿಯ ರಕ್ತದಿಂದಲೇ ಬೇರ್ಪಡಿಸಿದ ದ್ರವದಿಂದ ಹನಿ ತಯಾರಿಸುವುದೂ ಉಂಟು. ಇವೆಲ್ಲ ತಜ್ಞರು ತೀರ್ಮಾನಿಸಬೇಕಾದ ಮಾತು. ಅಂಗಡಿಯಲ್ಲಿ ಕೇಳಿ ತರುವ ಸ್ಟಿರಾಯ್ಡ್ ಹನಿ ಒಂದೆರಡು ದಿನ ಸುಖ ಕೊಟ್ಟರೂ, ಬಹುಕಾಲ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿಸುತ್ತದೆ, ಪೊರೆ ತರಿಸುತ್ತದೆ. ಜೇನು, ಎದೆಹಾಲು, ಎಣ್ಣೆ ಯಾವುದನ್ನೂ ಕಣ್ಣಿಗೆ ಬಿಡಬಾರದು. ನೆಗಡಿಗೆಂದು ನುಂಗುವ ಕೆಲವು ಮಾತ್ರೆಗಳೂ ಕಣ್ಣನ್ನು ಒಣಗಿಸುತ್ತವೆ. ಜೊಲ್ಲು ಕಡಿಮೆಯಾದವರಿಗೆ ಹಲ್ಲು ಬೇಗ ಹುಳುಕು ಹಿಡಿಯುತ್ತದೆ. ಆದ್ದರಿಂದ ದಂತವೈದ್ಯರ ಬಳಿ ಹೋಗುತ್ತಿರಬೇಕು. ಕೆನ್ನೆಯಲ್ಲೋ ಕುತ್ತಿಗೆಯಲ್ಲೋ ಗಂಟು ಊದಿ ಹಾಗೇ ಉಳಿದರೆ ತಡಮಾಡದೆ ತೋರಿಸಬೇಕು.

ರೋಗ ಬಂದಿತೆಂದು ಬದುಕು ನಿಲ್ಲಬೇಕಾಗಿಲ್ಲ. ಟೆನಿಸ್ ಆಟಗಾರ್ತಿ ವೀನಸ್ ವಿಲಿಯಮ್ಸ್ 2011ರ ಅಮೆರಿಕ ಓಪನ್ ಪಂದ್ಯಾವಳಿಯಿಂದ ಹಿಂದೆ ಸರಿದಾಗ ತಮಗೆ ಇದೇ ಕಾಯಿಲೆ ಇದೆಯೆಂದು ತಿಳಿಸಿದರು. ಮರುವರ್ಷವೇ ಲಂಡನ್ ಒಲಿಂಪಿಕ್ಸ್‌ನ ಡಬಲ್ಸ್‌ನಲ್ಲಿ ತಂಗಿ ಸೆರೆನಾ ಜೊತೆ ಚಿನ್ನ ಗೆದ್ದರು. 2017ರಲ್ಲಿ ಆಸ್ಟ್ರೇಲಿಯಾ ಓಪನ್ ಮತ್ತು ವಿಂಬಲ್ಡನ್ ಎರಡರ ಫೈನಲ್‌ನಲ್ಲೂ ಆಡಿದರು.

ಟೀಚರಮ್ಮ ಚಿನ್ನವನ್ನೇನೂ ಗೆಲ್ಲಲಿಲ್ಲ. ಆದರೆ ತಾಯಿಯ ವರ್ಷದ ತಿಥಿಗೆ ತವರಿಗೆ ಹೋದಾಗ ಒಂದು ಗೆಲುವು ಸಿಕ್ಕಿತು. ಅದಕ್ಕೆ ಮೊದಲೇ ಮಗಳು ಆ ದೊಡ್ಡಜ್ಜಿಗೆ ಫೋನು ಮಾಡಿ, ಕಾಗದದ ಪಟ್ಟಿಯಿಂದ ಹಿಡಿದು ಬೇಲಿ ಹೊಲ ಮೇಯ್ದ ಕತೆಯವರೆಗೆ ಎಲ್ಲ ಹೇಳಿದ್ದಳು. ಮುದುಕಿ ಆಗ ಏನೂ ಅಂದಿರಲಿಲ್ಲ. ತಿಥಿಯ ದಿನ ಒಲೆಯ ಮುಂದೆ ಕೂರಲು ಹೋದ ತಂಗಿಯ ಮಗಳನ್ನು ತಡೆದು, ‘ಇಲ್ಲಿ ಹೊಗೆ. ನೀನು ಹಜಾರದಲ್ಲಿ ಕೂತ್ಕೊ ಹೋಗೇ. ಹನಿ ತಂದಿದೀಯಾ?’ ಎಂದರು. ಕ್ಷಮಿಸು ಎಂಬ ಮಾತು ಆ ತಲೆಮಾರಿನವರ ಬಾಯಲ್ಲಿ ಬರುವುದು ಹೀಗೆಯೇ.

ವಿದ್ಯಾರ್ಥಿಗಳಲ್ಲಿ ಕಣ್ಣುರಿ ಈಗ ಸಾಮಾನ್ಯ. ಅದರಲ್ಲಿ ಹೆಚ್ಚಿನದಕ್ಕೆ ಕಾರಣ ಈ ರೋಗವಲ್ಲ, ಕೈಯಲ್ಲಿರುವ ಫೋನು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುತ್ತೇವೆ; ಪೊರೆ ಆರಿಹೋಗುತ್ತದೆ. 20 ನಿಮಿಷಕ್ಕೊಮ್ಮೆ ತಲೆಯೆತ್ತಿ, 20 ಅಡಿ ದೂರದ್ದನ್ನು 20 ಸೆಕೆಂಡು ನೋಡಿ, ನಾಲ್ಕು ಸಲ ಪೂರ್ತಿ ಕಣ್ಣು ಮುಚ್ಚಿ ತೆರೆದರೆ ಬಹಳಷ್ಟು ಮಂದಿಗೆ ಹಿತವಾಗುತ್ತದೆ. ಆದರೆ ದಿನವೂ ಕಾಡುವ ಉರಿ ಮೂರು ತಿಂಗಳು ದಾಟಿದರೆ, ಮರಳು ಬಿದ್ದಂತೆ ಮತ್ತೆ ಮತ್ತೆ ಅನ್ನಿಸಿದರೆ, ಒಣ ತಿಂಡಿ ನುಂಗಲು ನೀರೇ ಬೇಕಾದರೆ ವೈದ್ಯರಿಗೆ ತೋರಿಸಬೇಕು. ಮಗಳು ಪುಸ್ತಕ ಮುಚ್ಚಿ ‘ಕಣ್ಣು ಉರಿಯುತ್ತಮ್ಮಾ’ ಎಂದಾಗ, ಓದದಿರಲು ನೆಪ ಎನ್ನುವ ಮೊದಲು ಒಮ್ಮೆ ಅವಳ ಕಣ್ಣನ್ನು ನೋಡಬೇಕು. ಅಮ್ಮ ಮೂರನೆಯ ಸಲ ಎದ್ದು ಮುಖ ತೊಳೆಯಲು ಹೋದಾಗ ಮಕ್ಕಳೂ ಒಮ್ಮೆ ತಲೆಯೆತ್ತಿ, ಏನಾಯಿತೆಂದು ಕೇಳಬೇಕು.