ವಿಶುವಲ್ ಇದೆಯಾ ಭಾವ?

ನನ್ನ ಸೋದರಮಾವನ ಮಗ ಸಾಗರದಲ್ಲಿ ಟೀವಿ ವರದಿಗಾರ. ಸಂಬಳದವನಲ್ಲ, ಸ್ಟ್ರಿಂಗರ್. ಪ್ರಸಾರವಾದ ಸುದ್ದಿಗೆ ಇಷ್ಟು ಅಂತ ದುಡ್ಡು. ಪ್ರಸಾರವಾಗದಿದ್ದರೆ ಪೆಟ್ರೋಲಿನ ಖರ್ಚೂ ಅವನದೇ. ಯಾವುದು ಸುದ್ದಿ, ಯಾವುದಲ್ಲ ಎಂಬ ಜಿಜ್ಞಾಸೆ ಪತ್ರಿಕೋದ್ಯಮದ ಮೇಷ್ಟ್ರುಗಳಿಗೆ ಪಾಠದ ವಿಷಯವಾದರೆ ಅವನಿಗೆ ಮನೆ ದಿನಸಿಯ ವಿಷಯ. ಊರಲ್ಲಿ ಏನಾದರೂ ಆಯಿತೆಂದು ನಾನು ಉತ್ಸಾಹದಿಂದ ಫೋನು ಮಾಡಿದರೆ ಯಾರಿಗೆ, ಎಲ್ಲಿ, ಹೇಗೆ ಎಂದು ಕೇಳುವುದಿಲ್ಲ. "ವಿಶುವಲ್ ಇದೆಯಾ ಭಾವ?" ಎನ್ನುತ್ತಾನೆ.

ಚಾನೆಲ್ಲಿನ ಲೋಗೋ ಅಂಟಿಸಿದ ಮೈಕು ಅವನ ಬೈಕಿನ ಪೆಟ್ಟಿಗೆಯಲ್ಲಿ ಸದಾ ಇರುತ್ತದೆ. ಮೊಬೈಲಿನಲ್ಲೇ ಚಿತ್ರ ತೆಗೆದು, ಇಬ್ಬರ ಬೈಟ್ ಹಿಡಿದು, ವಾಟ್ಸಾಪ್ ಗುಂಪಿಗೆ ಹಾಕಿದರೆ ಬೆಂಗಳೂರಿನ ಡೆಸ್ಕಿನಲ್ಲಿ ಕೂತ ಯಾರೋ ಅದನ್ನು ತೂಗಿ ನೋಡುತ್ತಾರೆ. ಒಮ್ಮೆ ಕಾಡಂಚಿನ ಶಾಲೆಯೊಂದರ ವಿಷಯ ಕಳಿಸಿದನಂತೆ. ಐದು ತರಗತಿ, ಒಬ್ಬರೇ ಮೇಷ್ಟ್ರು. ಬಿಸಿಯೂಟದ ಲೆಕ್ಕ ಬರೆಯುವವರೂ ಅವರೇ, ಗಂಟೆ ಹೊಡೆಯುವವರೂ ಅವರೇ. ಡೆಸ್ಕಿನಿಂದ ಫೋನು ಬಂತು.

"ಮೇಷ್ಟ್ರು ಏನ್ ಮಾಡಿದಾರೆ?"

"ಪಾಠ ಮಾಡ್ತಿದಾರೆ ಸರ್."

"ಅದಲ್ಲಪ್ಪಾ. ಕುಡೀತಾರಾ? ಹೊಡೀತಾರಾ?"

"ಇಲ್ಲ ಸರ್, ಒಳ್ಳೆಯವರು."

"ಮತ್ಯಾಕೆ ಕಳಿಸ್ದೆ?"

ಅದೇ ವಾರ ಪಕ್ಕದ ಹಳ್ಳಿಯ ಬಾವಿಗೆ ಚಿರತೆ ಬಿತ್ತು. ಬಲೆ, ಏಣಿ, ಅರಣ್ಯ ಇಲಾಖೆಯ ಜೀಪು, ಚಿರತೆಗಿಂತ ಅಪಾಯಕಾರಿಯಾಗಿ ಬಾವಿಕಟ್ಟೆಯ ಮೇಲೆ ಬಗ್ಗಿ ನಿಂತ ಜನ. ಬೆಳಗಿನಿಂದ ಮಧ್ಯಾಹ್ನದವರೆಗೆ ಅದೇ ಪ್ರಸಾರ. ಚಿರತೆ ಕೊನೆಗೆ ಏಣಿ ಹತ್ತಿ ಬಂದು, ಯಾರಿಗೂ ಬೈಟ್ ಕೊಡದೆ ಕಾಡಿಗೆ ಹೋಯಿತು. ನನ್ನ ಭಾವಮೈದನಿಗೆ ಆ ತಿಂಗಳು ಒಳ್ಳೆಯ ತಿಂಗಳು.

ಚಿರತೆ ಬಿದ್ದ ಹಾಗೆ ಥಟ್ಟನೆ ಏನಾದರೂ ಆಗಬೇಕು ಟೀವಿಗೆ. ನಮ್ಮ ಕಡೆ ಮುಖ್ಯವಾದದ್ದೆಲ್ಲ ಸದ್ದಿಲ್ಲದೆ, ವರ್ಷಗಟ್ಟಲೆ ಆಗುತ್ತಲೇ ಇರುತ್ತದೆ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ, ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಆ ಕಾಡಿನ ಹೆಸರನ್ನೇ ಹೊತ್ತುಕೊಂಡಿದೆ. ಚಳಿಗಾಲದಲ್ಲಿ ಉಣುಗು ಹೆಚ್ಚುತ್ತವೆ, ಮಂಗಗಳು ಸಾಯುತ್ತವೆ, ಸೊಪ್ಪು ದರಗು ತರಲು ಹೋದವರು ಜ್ವರ ಹೊತ್ತು ಬರುತ್ತಾರೆ. ವರ್ಷ ವರ್ಷವೂ ಬರುವುದನ್ನು ಬ್ರೇಕಿಂಗ್ ನ್ಯೂಸ್ ಎನ್ನುವುದಾದರೂ ಹೇಗೆ? 2019ರ ಆರಂಭದಲ್ಲಿ ಅರಳಗೋಡು ಸುತ್ತಮುತ್ತ ಒಂದರ ಹಿಂದೊಂದು ಸಾವಾದಾಗ ಓಬಿ ವ್ಯಾನುಗಳು ಕಾಡಿನ ದಾರಿ ಹಿಡಿದು ಬಂದವು. ಸತ್ತ ಮಂಗವನ್ನು ಹತ್ತಿರದಿಂದ ತೋರಿಸಿದವು. ಅಷ್ಟರಲ್ಲಿ ಲೋಕಸಭೆ ಚುನಾವಣೆ ಬಂತು, ವ್ಯಾನುಗಳು ಹೋದವು. ಉಣುಗಿಗೆ ಮತದಾನದ ಹಕ್ಕಿಲ್ಲ, ಇಲ್ಲೇ ಉಳಿಯಿತು.

1965ರಲ್ಲಿ ನಾರ್ವೆಯ ಯೋಹಾನ್ ಗಾಲ್ಟುಂಗ್ ಮತ್ತು ಮಾರಿ ರೂಗೆ ಎಂಬಿಬ್ಬರು ವಿದ್ವಾಂಸರು ಸುದ್ದಿಯ ಆಯ್ಕೆಯ ಮೇಲೆ ಒಂದು ಲೇಖನ ಬರೆದರು. ಕಾಂಗೋ, ಕ್ಯೂಬಾ, ಸೈಪ್ರಸ್‌ಗಳ ಗಲಾಟೆ ತಮ್ಮ ದೇಶದ ಪತ್ರಿಕೆಗಳಲ್ಲಿ ಹೇಗೆ ಬಂತೆಂದು ನೋಡಿ, ಯಾವುದು ಸುದ್ದಿಯಾಗುತ್ತದೆ ಎಂಬುದಕ್ಕೆ ಒಂದಿಷ್ಟು ಸೂತ್ರ ಹೇಳಿದರು. ಅದರಲ್ಲಿ ಮೊದಲನೆಯದು ಇದೇ: ಪತ್ರಿಕೆಯ ದಿನಕ್ಕೆ ಹೊಂದುವಷ್ಟು ಬೇಗ ಆಗಿ ಮುಗಿಯುವುದು ಸುದ್ದಿ. ಅವರು ಕೊಟ್ಟ ಉದಾಹರಣೆಗಳಲ್ಲೊಂದು ನೋಡಿದರೆ ಅವರು ನಮ್ಮ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿಗೆ ಬಂದು ಹೋಗಿದ್ದರೇ ಎಂದು ಅನುಮಾನ ಬರುತ್ತದೆ. ಅಣೆಕಟ್ಟು ಕಟ್ಟುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಅದರ ಉದ್ಘಾಟನೆ ಮಾತ್ರ ಬೀಳುತ್ತದೆ ಎಂದಿದ್ದರು. ಮುಳುಗಿದವರ ಮಾತು ಅವರ ಉದಾಹರಣೆಯಲ್ಲೂ ಇಲ್ಲ.

ಆಗುಂಬೆಯಲ್ಲಿ ಮಳೆಗಾಲದ ಒಂದೇ ದಿನ 200 ಮಿಲಿಮೀಟರ್ ಸುರಿದರೆ ಟೀವಿಯ ತಳದಲ್ಲಿ ಒಂದು ಸ್ಕ್ರೋಲ್ ಹರಿದು ಹೋಗುತ್ತದೆ. ಬೆಂಗಳೂರಿನ ಅಂಡರ್‌ಪಾಸಿನಲ್ಲಿ ಮೊಣಕಾಲುದ್ದ ನೀರು ನಿಂತರೆ ವರದಿಗಾರ ಪ್ಯಾಂಟು ಮಡಚಿ ಅದರಲ್ಲಿಳಿದು ಲೈವ್ ಕೊಡುತ್ತಾನೆ. ಇದನ್ನು ಪಕ್ಷಪಾತ ಎಂದು ಬಯ್ಯುತ್ತಿದ್ದೆ. "ಎಂತಾ ಭಾವ, ವ್ಯಾನು ಅಲ್ಲೇ ನಿಂತಿರತ್ತೆ, ಡೀಸೆಲ್ ಖರ್ಚಿಲ್ಲ. ಜಾಹೀರಾತು ಕೊಡೋರು ಆ ಟ್ರಾಫಿಕ್‌ನಲ್ಲೇ ಸಿಕ್ಕಿಹಾಕ್ಕೊಂಡಿರ್ತಾರೆ" ಎಂದು ಅವನು ಸಮಾಧಾನ ಹೇಳಿದ. ಇದರ ಮೇಲೆ ಟಿಆರ್‌ಪಿ ಎಂಬ ದೇವರು ಬೇರೆ. 2020ರ ಹೊತ್ತಿಗೆ ಇಡೀ ದೇಶದಲ್ಲಿ ಸುಮಾರು 44,000 ಮನೆಗಳಲ್ಲಿ, ಯಾರು ಯಾವ ಚಾನೆಲ್ ನೋಡುತ್ತಾರೆಂದು ಅಳೆಯುವ ಬಾರ್ಕ್ ಸಂಸ್ಥೆಯ ಮೀಟರುಗಳಿದ್ದವು. ಕೋಟ್ಯಂತರ ಜನ ಏನು ನೋಡಬೇಕೆಂಬುದು ಆ ಮನೆಗಳ ರಿಮೋಟಿನಲ್ಲಿ ತೀರ್ಮಾನವಾಗುತ್ತಿತ್ತು. ಗುರುವಾರ ಅಂಕಿ ಬಂದಾಗ ಸುದ್ದಿಮನೆಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದ ಮುಖಗಳಿರುತ್ತವಂತೆ.

ಈ ಮೀಟರಿನ ಬಗ್ಗೆ ನನ್ನದೊಂದು ಸ್ವಂತ ಸಿದ್ಧಾಂತವಿದೆ. ಪ್ರಸಾರದ ಧ್ವನಿಯೊಳಗೆ ನಮಗೆ ಕೇಳಿಸದಂಥ ಒಂದು ಗುರುತನ್ನು ಅಡಗಿಸಿರುತ್ತಾರೆ. ಮೀಟರು ಅದನ್ನು ಹಿಡಿದು ಯಾವ ಚಾನೆಲ್ ಎಂದು ತಿಳಿಯುತ್ತದೆ. ಅಂದರೆ ಅದಕ್ಕೆ ಕಣ್ಣಿಲ್ಲ, ಕಿವಿ ಮಾತ್ರ. ನಿರೂಪಕರು ಅಷ್ಟು ಕಿರುಚುವುದೇಕೆ ಎಂದು ನನಗೆ ಆಗ ಹೊಳೆಯಿತು. ತಂತ್ರಜ್ಞರು ಒಪ್ಪಲಿಕ್ಕಿಲ್ಲ, ನಾನು ಬಿಡುವುದಿಲ್ಲ. 2020ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಟಿಆರ್‌ಪಿ ಗೋಲ್‌ಮಾಲಿನ ಪ್ರಕರಣ ಎದ್ದು ಸುದ್ದಿ ಚಾನೆಲ್ಲುಗಳ ರೇಟಿಂಗನ್ನೇ ನಿಲ್ಲಿಸಿದರು; ಮತ್ತೆ ಶುರುವಾದದ್ದು 2022ರ ಮಾರ್ಚಿನಲ್ಲಿ. ಅಷ್ಟು ಕಾಲ ಅಂಕಿ ಕೊಡುವವರಿಲ್ಲದಿದ್ದರೂ ಒಬ್ಬರೂ ದನಿ ತಗ್ಗಿಸಲಿಲ್ಲ. ಅಭ್ಯಾಸವಾಗಿಬಿಟ್ಟಿತ್ತು ಪಾಪ.

ಹಿಂದೆಲ್ಲ ಚೆನ್ನಾಗಿತ್ತು ಎನ್ನುವ ವಯಸ್ಸು ನನ್ನದು, ಆದರೂ ಹಾಗೆನ್ನಲಾರೆ. ದೂರದರ್ಶನದ ಬೆಂಗಳೂರು ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ನಮ್ಮ ಕಣಿವೆಗೆ ಚಿತ್ರ ಇಳಿದು ಬರಲು ಇನ್ನೂ ಹಲವು ಮಳೆಗಾಲ ಹಿಡಿಯಿತು. ಅಡಿಕೆ ಮರದ ತುದಿಗೆ ಆಂಟೆನಾ ಕಟ್ಟಿ, ಮೇಲಿದ್ದವನು ತಿರುಗಿಸಿ, ಅಂಗಳದವನು ಒಳಗಿನವರನ್ನು ಕೂಗಿ ಕೇಳಿ, "ಬಂತು ಬಂತು... ಹೋಯ್ತು" ಎನ್ನುವಷ್ಟರಲ್ಲಿ ಮಂತ್ರಿಗಳು ರಿಬ್ಬನ್ ಕತ್ತರಿಸಿ ಆಗಿರುತ್ತಿತ್ತು. ಅಲ್ಲಿ ಸುದ್ದಿಯ ಆಯ್ಕೆ ಶಿಷ್ಟಾಚಾರದ ಮೇಲೆ: ಮೊದಲು ದೆಹಲಿಯ ದೊಡ್ಡವರು, ಆಮೇಲೆ ರಾಜ್ಯದವರು, ಕೊನೆಗೆ ಮೋಡ ಕವಿದ ವಾತಾವರಣ. 1984ರ ಅಕ್ಟೋಬರ್ 31ರ ಬೆಳಿಗ್ಗೆ ಇಂದಿರಾ ಗಾಂಧಿಯವರಿಗೆ ಗುಂಡೇಟು ಬಿತ್ತು. ಅವರು ತೀರಿಕೊಂಡದ್ದನ್ನು ಬಿಬಿಸಿ ಮೊದಲೇ ಹೇಳಿತ್ತು, ದೂರದರ್ಶನದಲ್ಲಿ ಸಲ್ಮಾ ಸುಲ್ತಾನ್ ಓದಿದ್ದು ಸಂಜೆ. ಆದರೂ ಆ ವಾರ್ತೆಗೆ ಒಂದು ಗುಣವಿತ್ತು, ಅದು ಮುಗಿಯುತ್ತಿತ್ತು. ನಮಸ್ಕಾರ ಎಂದಮೇಲೆ ಅಪ್ಪ ಎದ್ದು ಟೀವಿಯ ಬಾಗಿಲು ಎಳೆದು ಊಟಕ್ಕೆ ಬರುತ್ತಿದ್ದರು. ದೇಶ ಮರುದಿನದವರೆಗೆ ಹೇಗೋ ತನ್ನಷ್ಟಕ್ಕೆ ನಡೆದುಕೊಳ್ಳುತ್ತಿತ್ತು. ಈಗ ಇಪ್ಪತ್ನಾಲ್ಕು ಗಂಟೆ ತುಂಬಿಸಬೇಕಲ್ಲ! 2012ರ ಡಿಸೆಂಬರ್ 21ಕ್ಕೆ ಪ್ರಳಯವೆಂದು ಜ್ಯೋತಿಷಿಗಳನ್ನು ಕೂರಿಸಿಕೊಂಡು ದಿನಗಟ್ಟಲೆ ಚರ್ಚಿಸಿದ್ದು ನೆನಪಿರಬಹುದು. ನಡುನಡುವೆ ಇಪ್ಪತ್ತು ವರ್ಷದ ಕಂತಿನ ಸೈಟುಗಳ ಜಾಹೀರಾತು.

ಇಷ್ಟು ಗಂಟೆ ತುಂಬಿಸುವಾಗಲೂ ನಮ್ಮ ಕಡೆಯ ಒಂದು ಸಂಗತಿಗೆ ಜಾಗವಿರಲಿಲ್ಲ. ತುಮರಿ ಕಡೆಗೆ ಮದುವೆಯಾಗಿ ಹೋದ ನನ್ನ ದೊಡ್ಡಮ್ಮ ಬದುಕಿದ್ದೆಲ್ಲ ಲಾಂಚಿನ ಟೈಮಿನ ಮೇಲೆ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಶರಾವತಿ ಹಿಂದೆ ಸರಿದು ನಿಂತಾಗ ಆ ಕಡೆಯ ಹಳ್ಳಿಗಳಿಗೆ ಸಾಗರದ ದಾರಿಯೇ ನೀರಾಯಿತು. ಬಸ್ಸು, ಅಡಿಕೆ ಮೂಟೆ, ಮದುವೆ ದಿಬ್ಬಣ, ಹೆರಿಗೆ ನೋವು ಎಲ್ಲವೂ ಲಾಂಚಿನ ಮೇಲೆಯೇ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ದಡದಲ್ಲೇ ಬೆಳಗು. ಬೇಸಿಗೆಯಲ್ಲಿ ನೀರು ಇಳಿದು ವಾಹನ ಹತ್ತಿಸುವುದನ್ನು ನಿಲ್ಲಿಸಿದ್ದೂ ಉಂಟು. ಇಷ್ಟು ವರ್ಷ ಇದರಲ್ಲಿ ಡೆಸ್ಕಿಗೆ ಕಂಡದ್ದು ಹಿನ್ನೀರಿನ ಸುಂದರ ಸೂರ್ಯಾಸ್ತ ಮಾತ್ರ.

ಕೊನೆಗೂ 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ, ಎರಡು ಕಿಲೋಮೀಟರಿಗೂ ಉದ್ದದ ಸಿಗಂದೂರು ಸೇತುವೆಯನ್ನು ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು. ಗಾಲ್ಟುಂಗ್ ಹೇಳಿದ ಹಾಗೆಯೇ ವ್ಯಾನುಗಳು ಬಂದವು. ಆದರೆ ಮುಖ್ಯಮಂತ್ರಿ ಬಂದಿರಲಿಲ್ಲ. ತಮಗೆ ಮೊದಲೇ ತಿಳಿಸಲಿಲ್ಲ ಎಂದು ಸಿದ್ದರಾಮಯ್ಯ, ತಿಳಿಸಿದ್ದೆವು ಎಂದು ಗಡ್ಕರಿ. ಸೇತುವೆಗಿಂತ ಆಹ್ವಾನಪತ್ರಿಕೆ ಉದ್ದವಾಯಿತು. ಸಾಲದ್ದಕ್ಕೆ ಅದೇ ಬೆಳಿಗ್ಗೆ ಬೆಂಗಳೂರಿನ ಮಲ್ಲೇಶ್ವರದ ಮನೆಯಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಹಿನ್ನೀರಿನ ಜನ ದಶಕಗಟ್ಟಲೆ ಕಾದ ದಿನ ಕನ್ನಡ ತೆರೆಯ ಕಿತ್ತೂರು ಚೆನ್ನಮ್ಮನೂ ಹೊರಟುಬಿಟ್ಟಿದ್ದರು. ಆ ದಿನದ ಡೆಸ್ಕಿನಲ್ಲಿ ಕೂತವರನ್ನು ನೆನೆದು ನನಗೂ ಒಂಚೂರು ಕನಿಕರವಾಯಿತು.

ಸಂಜೆ ನಾನು ದೊಡ್ಡಮ್ಮನ ಮನೆಯಲ್ಲಿದ್ದೆ. ಭಾವಮೈದ ದಿನವಿಡೀ ಸೇತುವೆಯ ಮೇಲೆ ಮೈಕು ಹಿಡಿದು, ನೆನೆದು ತೊಪ್ಪೆಯಾಗಿ ಕಾಫಿಗೆ ಬಂದ. ಲಾಂಚು ನಂಬಿ ಬದುಕಿದವರನ್ನು ಮಾತಾಡಿಸಿ ಕಳಿಸಿದ್ದನಂತೆ, ಹಾಕಿರಲಿಲ್ಲ. "ಅತ್ತೆ, ನಮ್ಮ ಚಾನೆಲ್ ಹಾಕು, ಸೇತುವೆ ತೋರಿಸ್ತಿದಾರೆ" ಎಂದ. ರಿಮೋಟು ದೊಡ್ಡಮ್ಮನ ಸೆರಗಿನ ಕೆಳಗಿತ್ತು. ಅವಳು ನೋಡುತ್ತಿದ್ದುದು ಸರೋಜಾದೇವಿಯನ್ನು.

"ಸೇತುವೆ ಎಲ್ಲಿಗೆ ಹೋಗತ್ತೆ, ನಾಳೆ ನೋಡಿದ್ರಾಯ್ತು. ನಾನು ಅವಳ್ದು ಎಷ್ಟು ಸಿನಿಮಾ ನೋಡಿದೀನಿ ಗೊತ್ತನಾ, ಟೆಂಟಲ್ಲಿ? ಅದಿರ್ಲಿ, ಇನ್ನು ಸಾಗರದ ಬಸ್ಸು ಎಷ್ಟೊತ್ತಿಗೆ?"

ಬೆಳಗಿನಿಂದ ಟೀವಿ ಹೇಳದಿದ್ದ ಸುದ್ದಿ ಅದೊಂದೇ. ಅವನು ತಬ್ಬಿಬ್ಬಾಗಿ ಬಸ್‌ಸ್ಟ್ಯಾಂಡಿನ ಪರಿಚಯದವರಿಗೆ ಫೋನು ಹಚ್ಚಿದ. "ಟೈಮ್ ಇನ್ನೂ ಗೊತ್ತು ಮಾಡಿಲ್ವಂತೆ ಅತ್ತೆ."

"ಅರವತ್ತು ವರ್ಷ ಟೈಮಿತ್ತಲ್ಲೋ ಅವ್ರಿಗೆ!" ಎಂದು ದೊಡ್ಡಮ್ಮ ಸರೋಜಾದೇವಿಯ ದನಿಯನ್ನು ಎರಡು ಗೆರೆ ಏರಿಸಿದಳು.